ಮಿಲಿಟರಿ ಕಟಿಂಗ್

ಎನ್‌ಸಿಸಿ ಪರೇಡ್ ಮುಗಿದ ಮೇಲೆ ಲೋಹಿತ್, ಮೈತ್ರಿ ಕ್ಯಾಂಟೀನಿಗೆ ಬಂದು ಒಂದೇ ಪ್ಲೇಟಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರು. ತಿನ್ನುವವರು ಅವರು, ಹೊಟ್ಟೆ ಉರಿ ನನಗೆ. ಅವಳ ಸೊಂಟ ದಾಟುವ ಜಡೆ, ಅವಳು ಹೊಗಳುವ ಅವನ ಗುಂಗುರು ಕೂದಲು, ನಡುವೆ ನಾನೊಬ್ಬ ಸೈಡ್ ಆಕ್ಟರ್.

ಅಷ್ಟರಲ್ಲಿ ಲೋಹಿತ್ ಸೈನ್ಯದ ಆಫೀಸರ್ ಟ್ರೈನಿಂಗ್‌ಗೆ ಆಯ್ಕೆಯಾದ. ಆದರೆ ಹೋಗಲೋ ಬೇಡವೋ ಎಂದು ಒದ್ದಾಡತೊಡಗಿದ.

"ಅಮ್ಮ ಅಳ್ತಾಳೆ ಮಗಾ."

"ಹೀರೋ ಆದೋನು ಎಂಟ್ರಿ ಕೊಡೋ ಟೈಮಲ್ಲಿ ಇಂಟರ್‌ವಲ್ ತಗೋತಾನೇನೋ? ಯೂನಿಫಾರ್ಮಲ್ಲಿ ಬಂದು ಒಂದು ಸೆಲ್ಯೂಟ್ ಹೊಡಿ, ಅದೇ ಅಮ್ಮ ಬೀದಿಗೆಲ್ಲ ಮೈಸೂರ್‌ಪಾಕ್ ಹಂಚ್ತಾರೆ."

"ಹಂಗಂತೀಯಾ?"

"ಮೈತ್ರಿ ಏನಂತಾಳೆ?"

"ನಿನ್ನಿಷ್ಟ ಅಂತಾಳೆ."

"ಹಂಗಂದ್ರೆ ಹೋಗು ಅಂತ ಕಣೋ ದಡ್ಡ."

ಅವನು ಹೂಂ ಎಂದ. ಮನಸ್ಸು ಬದಲಾಯಿಸುವ ಮೊದಲೇ ಸಲೂನಿಗೆ ಎಳೆದುಕೊಂಡು ಹೋಗಿ ಮಿಲಿಟರಿ ಕಟಿಂಗ್ ಮಾಡಿಸಿದೆ. ಗುಂಗುರೆಲ್ಲ ನೆಲಕ್ಕೆ ಬೀಳುವಾಗ ನನ್ನ ತಲೆಯಲ್ಲಿ ಕ್ಲೈಮ್ಯಾಕ್ಸ್ ಮ್ಯೂಸಿಕ್ ಮೊಳಗುತ್ತಿತ್ತು.

ಮರುದಿನ ಕ್ಯಾಂಟೀನಿನಲ್ಲಿ ಒಂದು ಪ್ಲೇಟ್ ಉಪ್ಪಿಟ್ಟು, ಎರಡು ಚಮಚ ಇಟ್ಟುಕೊಂಡು ಮೈತ್ರಿಗಾಗಿ ಕಾದೆ. ಅವಳು ಬಂದಳು. ಜಡೆ ಇರಲಿಲ್ಲ. ಕೂದಲು ಕಿವಿಯ ಹತ್ತಿರಕ್ಕೇ ನಿಂತಿತ್ತು.

"ಲೋಹಿತ್‌ನ ಒಪ್ಪಿಸಿದ್ದಕ್ಕೆ ಥ್ಯಾಂಕ್ಸ್ ಕಣೋ," ಎಂದಳು. "ನಂಗೂ ಸೆಲೆಕ್ಷನ್ ಆಗಿತ್ತು, ಯಾರಿಗೂ ಹೇಳಿರಲಿಲ್ಲ. ಅವನು ಹೋಗಲ್ಲ ಅಂದಿದ್ರೆ ನಾನೂ ಇಲ್ಲೇ ಇರ್ತಿದ್ದೆ."