ಎರಡು ನಿಮಿಷದ ಕಟಕಟೆ

ಲುಬೋಷ್ ಬೇಕೆಂದೇ ಸ್ವೀಡನ್ನಿನ ಆಟಗಾರನ ಕಾಲಿಗೆ ಕೋಲು ಅಡ್ಡ ಕೊಟ್ಟು ಬೀಳಿಸಿದ. ಕುರುಡನಿಗೂ ಕಾಣುವಂಥ ತಪ್ಪು. ಸ್ಟಾಕ್‌ಹೋಮಿನ ಐಸ್ ಹಾಕಿ ಅಂಗಳದ ಸುತ್ತ ಕೂತಿದ್ದ ಜನ ಹೋ ಎಂದು ಕೂಗಿದರು. ರೆಫರಿ ಸೀಟಿ ಊದಿ, ಎರಡು ನಿಮಿಷ ಹೊರಗೆ ಎಂದು ಕೈ ಮಾಡಿದ. ಈ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಅಲ್ಲಿಯವರೆಗೆ ಒಂದು ಸಲವೂ ಶಿಕ್ಷೆಗೆ ಒಳಗಾಗದ ಹುಡುಗ ಅವನು. ಜೆಕೊಸ್ಲೊವಾಕಿಯಾದ ಕೋಚ್ ತಲೆಯ ಮೇಲೆ ಕೈ ಹೊತ್ತುಕೊಂಡ.

ಕಟಕಟೆಯ ಬಾಗಿಲು ತೆಗೆದವನು ಒಟಕರ್. ತಪ್ಪು ಮಾಡಿದ ಆಟಗಾರರನ್ನು ಕೂರಿಸುವ ಆ ಮರದ ಗೂಡಿನ ಬಾಗಿಲು ಕಾಯುವುದು ಅವನ ಕೆಲಸ. ಅವನೂ ಜೆಕ್ಕನೇ, ಗಡಿ ದಾಟಿ ಓಡಿಬಂದು ಹದಿನೈದು ವರ್ಷ. ಊರಿನಲ್ಲಿ ಒಂದೇ ಕಟ್ಟಡದಲ್ಲಿ ಲುಬೋಷ್‌ನದು ಕೆಳಗಿನ ಮಹಡಿ, ಇವನದೂ ಇವನ ಅಮ್ಮನದೂ ಮೇಲಿನದು. ಕೆರೆ ಹೆಪ್ಪುಗಟ್ಟಿದಾಗ ಆ ಪುಟ್ಟ ಹುಡುಗನನ್ನು ಕೈಹಿಡಿದು ಜಾರಿಸಿದವನೂ ಇವನೇ. ಈಗ ಆ ಹುಡುಗ ರಾಷ್ಟ್ರೀಯ ತಂಡದಲ್ಲಿದ್ದ. ಓಡಿಹೋದವನ ಜೊತೆ ಮಾತಾಡಿದ್ದು ಗೊತ್ತಾದರೆ ನಾಳೆಯೇ ತಂಡದಿಂದ ಆಚೆ. ಓಡಿಹೋದವರು ಬರೆದ ಕಾಗದಗಳಂತೂ ಆ ದೇಶದಲ್ಲಿ ತಾಯಂದಿರ ಕೈ ಮುಟ್ಟುತ್ತಲೇ ಇರಲಿಲ್ಲ.

ಬೆಳಿಗ್ಗೆ ತಂಡದವರ ಸ್ಕೇಟುಗಳಿಗೆ ಸಾಣೆ ಹಿಡಿದು ಕೊಡುವಾಗ, ಅವರ ಜೊತೆ ಸರ್ಕಾರ ಕಳಿಸಿದ್ದ ಕಾವಲಿನವನು ಆ ಕಡೆ ತಿರುಗಿದ ಒಂದು ಗಳಿಗೆಯಲ್ಲಿ, "ನಾನು ಮೇಲ್ಮಹಡಿ ಒಟಕರ್. ಸಂಜೆ ಕಟಕಟೆ ಬಾಗಿಲಲ್ಲಿರ್ತೀನಿ," ಎಂದಷ್ಟೇ ಲುಬೋಷ್‌ಗೆ ಹೇಳಲು ಆಗಿತ್ತು. ಆಟ ಶುರುವಾದ ಮೇಲೆ ಬೇರೆ ತಪ್ಪಿತಸ್ಥರೆಲ್ಲ ಬಂದು ಕೂತು ಎದ್ದು ಹೋದರು. ದೇವರೇ, ಈ ಒಳ್ಳೆಯವನಿಂದ ಒಂದಾದರೂ ತಪ್ಪು ಮಾಡಿಸು ಎಂದು ಒಟಕರ್ ಬೇಡಿಕೊಳ್ಳುತ್ತಿದ್ದ.

ಲುಬೋಷ್ ಬಂದು ಕೂತ. ಬೆವರು ಒರೆಸುವವನಂತೆ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ. ಎದುರಿನ ಬೆಂಚಿನಿಂದ ಕಾವಲಿನವನು ಕತ್ತು ಉದ್ದ ಮಾಡಿ ಇತ್ತಲೇ ನೋಡುತ್ತಿದ್ದ.

"ಅಣ್ಣಾ, ನನ್ನ ಕಡೆ ನೋಡಬೇಡ."

"ನೋಡಲ್ಲ. ಎಷ್ಟು ಎತ್ತರ ಬೆಳೆದಿದೀಯೋ."

"ಒಂದು ತಪ್ಪು ಮಾಡೋಕೆ ಎಷ್ಟು ಒದ್ದಾಡಿದೆ ಗೊತ್ತಾ? ಆಗ ಒಬ್ಬನ್ನ ತಳ್ಳಿದೆ. ಆ ಮುಂಡೇಗಂಡ ರೆಫರಿ ನೋಡಲೇ ಇಲ್ಲ. ಒಳ್ಳೆಯವನು ಅಂತ ಹೆಸರು ಬಂದ್ರೆ ಇದೇ ಕಷ್ಟ."

ಒಟಕರ್‌ಗೆ ನಗು ಬಂತು. ತನ್ನ ಭಾಷೆಯ ಮಾತಿಗೆ ನಕ್ಕು ಎಷ್ಟು ಕಾಲವಾಗಿತ್ತೋ. "ನಮ್ಮಮ್ಮ ಹೇಗಿದಾಳೆ?"

"ಗಟ್ಟಿಯಾಗಿದಾರೆ. ಹೇಗಾದ್ರೂ ಮಾಡಿ ಅವನನ್ನ ಹುಡುಕು, ಒಂದೇ ಒಂದು ಮಾತು ಕೇಳ್ಕೊಂಡು ಬಾ ಅಂದಿದಾರೆ. ಇಲ್ಲಿ ನಿನಗೆ ಅಂತ ಯಾರಿದಾರೆ ಅಣ್ಣ?"

"ಇನ್ನೊಂದು ನಿಮಿಷ," ಎಂದ ಹೆನ್ನಿಂಗ್. ಕಟಕಟೆಯ ಬೆಂಚಿನ ತುದಿಯಲ್ಲಿ ಗಡಿಯಾರ ಹಿಡಿದು ಕೂರುವ ಸ್ವೀಡನ್ನಿನ ಮುದುಕ ಅವನು. ಜೆಕ್ ಭಾಷೆಯ ಒಂದಕ್ಷರವೂ ಅವನಿಗೆ ತಿಳಿಯದು.

ಒಟಕರ್‌ಗೆ ಯಾರೂ ಇರಲಿಲ್ಲ. ಒಂದು ಬಾಡಿಗೆ ಕೋಣೆ ಇತ್ತು. ಶನಿವಾರ ಸಂಜೆ ಬಾಗಿಲು ಹಾಕಿಕೊಂಡರೆ ಸೋಮವಾರ ಬೆಳಿಗ್ಗೆಯವರೆಗೆ ಅವನ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಕೆಲವೊಮ್ಮೆ ತನ್ನ ದನಿ ಇದೆಯೋ ಇಲ್ಲವೋ ನೋಡಲು ಸುಮ್ಮನೆ ಕೆಮ್ಮುತ್ತಿದ್ದ. ಆದರೆ ಇದನ್ನು ಹೆತ್ತವಳಿಗೆ ಹೇಳಿ ಕಳುಹಿಸುವುದುಂಟೇ? ಪಾಪ, ಕೊರಗಿಯೇ ಸಾಯುತ್ತಾಳೆ.

"ಹೆಂಡತಿ ಇದಾಳೆ. ಎರಡು ಮಕ್ಕಳು. ನನಗೇನೂ ಕಡಿಮೆ ಇಲ್ಲ ಅಂತ ಹೇಳು." ಸುಳ್ಳು ನೀರು ಕುಡಿದಷ್ಟು ಸುಲಭವಾಗಿ ಬಂತು.

ಲುಬೋಷ್ ಟವೆಲ್ಲಿನೊಳಗೇ ದೊಡ್ಡ ಉಸಿರು ಬಿಟ್ಟ. "ಸದ್ಯ. ಹಾಗಾದ್ರೆ ಅಮ್ಮ ಅರ್ಜಿ ಹಾಕೋದು ಬೇಡ."

"ಯಾವ ಅರ್ಜಿ?"

"ಈಗ ವಯಸ್ಸಾದವರನ್ನ ದೇಶದಿಂದ ಹೊರಗೆ ಬಿಡ್ತಿದಾರಣ್ಣ. ಪಿಂಚಣಿ ಉಳಿಯುತ್ತಲ್ಲ ಸರ್ಕಾರಕ್ಕೆ. ಅಮ್ಮನ ಲೆಕ್ಕ ಇಷ್ಟೇ, ಅವನು ಒಂಟಿಯಾಗಿದ್ರೆ ನಾನೇ ಹೋಗಿ ಬೇಯಿಸಿ ಹಾಕ್ಕೊಂಡು ಕೊನೇವರೆಗೆ ಅವನ ಜೊತೆ ಇದ್ದುಬಿಡ್ತೀನಿ, ಸಂಸಾರ ಇದ್ರೆ ಗುರುತಿಲ್ಲದ ಸೊಸೆಗೆ ನಾನ್ಯಾಕೆ ಭಾರ ಅಂತ ಕೂತಿದಾರೆ. ಊರಲ್ಲೇ ವೃದ್ಧರ ಮನೇಲಿ ಜಾಗ ಸಿಕ್ಕಿದೆ. ನಾನು ಹೋಗಿ ಹೇಳೋದನ್ನೇ ಕಾಯ್ತಿದಾರೆ."

ಅಮ್ಮ ಇಲ್ಲಿಗೆ ಬರುವುದು ಒಟಕರ್‌ನ ಕನಸಿನಲ್ಲೂ ಇರಲಿಲ್ಲ. "ಲುಬೋಷ್, ಕೇಳಿಲ್ಲಿ. ನಾನೀಗ ಹೇಳಿದ್ದು..."

ಅಷ್ಟರಲ್ಲಿ ಇಡೀ ಅಂಗಳ ಎದ್ದು ನಿಂತಿತು. ಒಬ್ಬ ಆಟಗಾರ ಕಡಿಮೆಯಿದ್ದ ಜೆಕ್ ತಂಡದ ಬಲೆಯೊಳಕ್ಕೆ ಸ್ವೀಡನ್ನಿನವರು ರಬ್ಬರ್ ಬಿಲ್ಲೆ ಹೊಡೆದಿದ್ದರು. ಎದುರಾಳಿ ಗೋಲು ಹೊಡೆದರೆ ಕಟಕಟೆಯಲ್ಲಿ ಕೂತವನ ಶಿಕ್ಷೆ ಅಲ್ಲಿಗೇ ಮುಗಿಯಿತು, ಉಳಿದ ಹೊತ್ತು ಮಾಫಿ. ಅದು ಆಟದ ನಿಯಮ. ಇಂಥ ಮಾಫಿ ಶತ್ರುವಿಗೂ ಬೇಡ.

"ಬಾಗಿಲು ತೆಗಿಯಯ್ಯಾ, ಹುಡುಗ ಹೋಗ್ಲಿ," ಎಂದ ಹೆನ್ನಿಂಗ್.

ಎದುರಿಗೆ ಕಾವಲಿನವನು ಎದ್ದು ನಿಂತಿದ್ದ. ಇನ್ನೊಂದು ಗಳಿಗೆ ತಡೆದರೂ ಲುಬೋಷ್‌ನ ಬಾಳು ಹಾಳಾದೀತು. ಒಟಕರ್ ತನ್ನ ಕೈಯಾರೆ ಅಗುಳಿ ಸರಿಸಿದ.

"ಅಮ್ಮನಿಗೆ ಹೇಳ್ತೀನಣ್ಣ. ತುಂಬಾ ಸಂತೋಷಪಡ್ತಾರೆ," ಎಂದವನೇ ಲುಬೋಷ್ ಮಂಜುಗಡ್ಡೆಯ ಮೇಲೆ ಜಾರಿ ಹೋಗಿಬಿಟ್ಟ.

"ಯಾರೂ ಇಲ್ಲ ಕಣೋ," ಎಂದು ಒಟಕರ್ ಹಲಗೆಯ ಮೇಲೆ ಬಾಗಿ ಕೂಗಿದ. "ನನಗೆ ಯಾರೂ ಇಲ್ಲ. ಅಮ್ಮನ್ನ ಕಳಿಸೋ." ಈಗ ಕಾವಲಿನವನ ಭಯವೂ ಉಳಿಯಲಿಲ್ಲ. ಎರಡೂ ಕೈ ಮೇಲೆತ್ತಿ, ಗಂಟಲು ಹರಿಯುವ ಹಾಗೆ ಮತ್ತೆ ಮತ್ತೆ ಅದನ್ನೇ ಕೂಗಿದ. ಸುತ್ತ ಸಾವಿರಾರು ಜನ ಅದಕ್ಕಿಂತ ಜೋರಾಗಿ ಕೂಗುತ್ತಿದ್ದರು. ಲುಬೋಷ್ ಹಿಂತಿರುಗಿ ನೋಡಲಿಲ್ಲ.

ಹೆನ್ನಿಂಗ್ ಅವನನ್ನು ತಬ್ಬಿಕೊಂಡು ಬೆನ್ನು ಗುದ್ದಿದ.

"ಭೇಷ್, ಹಾಗೆ ಕೂಗು. ಇಷ್ಟು ವರ್ಷಕ್ಕೆ ಇವತ್ತು ನಮ್ಮವನಾದೆ ನೋಡು."