ಗಾಳಿಯ ಹೆಸರು

“ಹೆಸ್ರ್ ಹೇಳ್. ನೀ ಯಾರ್, ಎಂತ ಬೇಕ್ ನಿಂಗೆ?” ವಂಡ್ಸೆಯ ಮಂತ್ರವಾದಿ ಬೆತ್ತ ಎತ್ತಿದ. ರೇಷನ್ನಿನ ಕಾಲವಾದ್ದರಿಂದ ಅಕ್ಕಿಹಿಟ್ಟಿನ ಬದಲು ಸುಣ್ಣದಲ್ಲಿ ಬರೆದ ಮಂಡಲದ ನಡುವೆ ಶಾಮರಾಯ ಕೂತಿದ್ದ. ಧೂಪದ ಹೊಗೆಯಲ್ಲಿ ಗೋಡೆಗಳು ನೀರಿನ ಮೇಲಿನ ನೆರಳಿನಂತೆ ತೇಲುತ್ತಿದ್ದವು. ಮದುವೆ ಬೇಡ ಅಂದದ್ದೂ ಕೋಡಿಯ ಭೋಜರಾಜನಿಗಾಗಿ ಹಂಬಲಿಸುವುದೂ ತನ್ನ ಮಗನಲ್ಲ, ಅವನ ಮೈ ಹೊಕ್ಕ ಹೆಣ್ಣಿನ ಗಾಳಿ ಎಂದು ಅಮ್ಮ ನಂಬಿದ್ದಳು.

“ಬಾವಿಗ್ ಬಿದ್ ಸತ್ತ ಸುಬ್ಬಿ ಅಂದ್ ಹೇಳ್, ಮಗಾ,” ಅಮ್ಮ ಪಿಸುಗುಟ್ಟಿದಳು. “ಅಷ್ಟ್ ಹೇಳ್ರೆ ಬಿಡ್ತ್ರ್.”

ಆ ಒಂದು ಸುಳ್ಳಿಗೆ ಬೆತ್ತ ಇಳಿಯುತ್ತಿತ್ತು. ನಾಳಿದ್ದು ಮದುವೆಯೂ ಆಗಿಬಿಡುತ್ತಿತ್ತು. ಶಾಮರಾಯ ನಿದ್ದೆಯಲ್ಲಿದ್ದವನಂತೆ ಮೆಲ್ಲಗೆ ಮುಖ ಎತ್ತಿದ.

“ನಾನ್ ಶಾಮರಾಯ,” ಎಂದ. “ನಂಗ್ ಭೋಜ ಬೇಕ್. ಒಳ್ಗೆ ಬೇರೆ ಯಾರೂ ಇಲ್ಲೆ, ಅಮ್ಮಾ.”