ಚಿತ್ತಾದ ಹಾಲಸಿದ್ದ

ಭೀಮಗೊಂಡ ಏದುಸಿರು ಬಿಡುತ್ತ ಓಡಿ ಬಂದು ಹಾಲಸಿದ್ದನ ಕಾಲು ಹಿಡಿದ. "ಕಾಕಾ, ನಮ್ಮ ದನದ ಕೊಟಗ್ಯಾಗ ಚಿತ್ತಾ ಹೊಕ್ಕೈತಿ. ಕರಾ ಕೊಂದೈತಿ. ಮಗಳು ಅನ್ನವ್ವ ಹುಲ್ಲು ಇಳಸಾಕಂತ ಅಟ್ಟದ ಮ್ಯಾಲ ಹತ್ತಿದ್ದಳು, ಅಲ್ಲೇ ಸಿಕ್ಕೊಂಡಾಳ. ಲಗೂನ ಬರ್ರಿ!"

ಬಂದೂಕಿನವರನ್ನು ಕರೆತರಲು ಚಂದಗಡಕ್ಕೆ ಒಬ್ಬನನ್ನು ಅಟ್ಟಿದ್ದರು. ಆದರೆ ಊರಲ್ಲೇ ಹಾಲಸಿದ್ದ ಇರುವಾಗ ಬಂದೂಕಿನ ದಾರಿ ಕಾಯುವುದೇಕೆ? ಸಂಸ್ಥಾನದ ಕಾಲದಲ್ಲಿ ಕೊಲ್ಲಾಪುರದಲ್ಲಿ ರಾಜರು ಬೇಟೆಗೆ ಪಳಗಿಸಿದ ಚಿತ್ತಾಗಳ ಜೊತೆ ಇದ್ದವನು ಅವನು. ಸಂಸ್ಥಾನ ಹೋಗಿ ಮೂವತ್ತು ವರ್ಷವಾದರೂ ಚಹಾದಂಗಡಿಯಲ್ಲಿ ಮೊದಲ ಕಪ್ಪು ಅವನಿಗೇ. ಕಣ್ಣಿಗೆ ಪಟ್ಟಿ ಕಟ್ಟಿದ ಚಿತ್ತಾ ತನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿತ್ತು ಎಂದು ಅವನು ಹೇಳದ ದಿನವಿಲ್ಲ. ಖರೇ ಹೇಳಬೇಕೆಂದರೆ, ಆ ಚಿತ್ತಾಗಳನ್ನು ಬೇಟೆಯ ಮಾಳಕ್ಕೆ ಒಯ್ಯುವ ಎತ್ತಿನ ಬಂಡಿ ಹೊಡೆಯುತ್ತಿದ್ದ ಮಹಾಶಯ, ಅಷ್ಟೇ.

ಕಂಬಳಿ ತರಲು ಒಳಗೆ ಹೋದವನಿಗೆ ಹೆಂಡತಿ ಹಣಮವ್ವ ಅಡ್ಡ ನಿಂತಳು.

"ಎಲ್ಲಿಗೆ ಹೊಂಟೀರಿ? ನಿಮ್ಮ ಚಿತ್ತಾ ಬ್ಯಾರೆ, ಈ ಚಿತ್ತಾ ಬ್ಯಾರೆ. ನಿಮ್ಮದು ಉದ್ದ ಕಾಲಿಂದು, ಸಣ್ಣ ನಡದ್ದು, ಕಣ್ಣಿಂದ ಬಾಯಿತನಾ ಕರೀ ಗೆರಿ ಇದ್ದದ್ದು. ಸಾಕಿದ ನಾಯಿ ಇದ್ದಂಗ ಇತ್ತು ಅಂತ ನೀವ ಹೇಳೀರಿ. ಇದು ಘಾಟಿನ ಕಾಡಿನ ಚಿರತಿ, ನಮ್ಮ ಮಂದಿ ಇದಕ್ಕೂ ಚಿತ್ತಾ ಅಂತಾರ. ಸೀದಾ ಕುತಗಿಗೇ ಬಾಯಿ ಹಾಕತೈತಿ."

"ಗೊತ್ತೈತಿ."

"ಗೊತ್ತಿದ್ರ ಮಂದಿಗೆ ಹೇಳ್ರಿ! ಹೆಸರು ಒಂದಾದ್ರ ಜಾತಿ ಒಂದಾಗತೈತೇನು?"

ಹೇಳಬೇಕೆಂದೇ ಅವನು ಹೊರಗೆ ಬಂದ. "ಭೀಮಗೊಂಡಾ, ನಾ ಕಂಡಿದ್ದ ಚಿತ್ತಾ ಇದಲ್ಲೋ. ಅವು ಈಗ ನಮ್ಮ ದೇಶದಾಗ ಎಲ್ಲೂ ಉಳದಿಲ್ಲ. ಇದು..."

"ಚಿತ್ತಾ ಅಂದ್ರ ಚಿತ್ತಾ, ಕಾಕಾ! ನಿಮ್ಮ ವಾಸನಿ ಬಡದ್ರ ಸಾಕು, ಬಂದು ಕಾಲಾಗ ಹೊರಳತಾವು ಅಂತ ಮೊನ್ನಿನೂ ಹೇಳಿದ್ರೆಲ್ಲಾ!"

ಹಾಲಸಿದ್ದ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ. ಹೌದು, ಮೊನ್ನೆಯೂ ಹೇಳಿದ್ದ.

ಕೊಟ್ಟಿಗೆಯ ಮುಂದೆ ಊರಿಗೆ ಊರೇ ನೆರೆದಿತ್ತು. ಹುಡುಗಿ ಒಳಗಿದ್ದಾಳೆ ಎಂಬುದನ್ನೂ ಮರೆತು ಯಾವನೋ ಶಾಣ್ಯಾ ಹೊರಗಿನಿಂದ ಚಿಲಕ ಹಾಕಿದ್ದ. ಒಳಗೆ ಗುರುಗುಟ್ಟುವ ಸದ್ದು, ಅಟ್ಟದ ಕಂಬ ಪರಚುವ ಸದ್ದು. ಹಿಂದಿನಿಂದ ಹೆಂಚು ತೆಗೆದು ಅವಳನ್ನು ಮೇಲೆ ಎಳೆದುಕೊಳ್ಳಬಹುದಿತ್ತು. ಆದರೆ ಸಪ್ಪಳಕ್ಕೆ ಅದು ಅಟ್ಟಕ್ಕೇ ಹಾರಿದರೆ? ಯಾರಾದರೂ ಬಾಗಿಲಿನಿಂದ ಒಳಹೊಕ್ಕು ಅದನ್ನು ತಮ್ಮ ಕಡೆ ತಿರುಗಿಸಿಕೊಳ್ಳಬೇಕಿತ್ತು. ಎಲ್ಲರೂ ಹಾಲಸಿದ್ದನ ಮುಖ ನೋಡುತ್ತಿದ್ದರು.

"ಅಪ್ಪಾ, ಚಿತ್ತಾದ ಅಜ್ಜ ಬಂದನೇನು?" ಒಳಗಿನಿಂದ ಅನ್ನವ್ವನ ದನಿ ಕೇಳಿತು. ಅತ್ತು ಅತ್ತು ಅವಳ ಗಂಟಲು ಬಿದ್ದುಹೋಗಿತ್ತು.

"ಬಂದಾನವ್ವಾ, ಬಂದಾನ! ಇನ್ನ ಹೆದರಬ್ಯಾಡ!" ಎಂದು ಭೀಮಗೊಂಡ ಕೂಗಿದ.

ಅಳು ನಿಂತಿತು. ಅದು ನಿಂತದ್ದನ್ನು ಕೇಳಿ ಹಾಲಸಿದ್ದ ಬಾಗಿಲ ಹತ್ತಿರ ಸರಿದ. ಅಯ್ಯೋ ದೇವರೇ, ಈಗ ಅಲ್ಲ ಎಂದರೆ ಆ ಕೂಸಿನ ಜೀವ ಅಟ್ಟದ ಮೇಲೇ ಹೋದೀತು.

"ಹೆಂಚು ತಗೀರಿ, ಸಾವಕಾಶ," ಎಂದ. ಹಣಮವ್ವ ಹಿಡಿದ ಕೈಯನ್ನು ಬಿಡಿಸಿಕೊಂಡು, ಎಡಗೈಗೆ ಕಂಬಳಿ ಸುತ್ತಿ, ಚಿಲಕ ತೆಗೆದ.

ಕತ್ತಲಲ್ಲಿ ಎರಡು ಕಣ್ಣು ಅವನ ಕಡೆ ತಿರುಗಿದವು. ದಪ್ಪ ಕುತ್ತಿಗೆ, ಗಿಡ್ಡ ಕಾಲು. ಮುಖದ ಮೇಲೆ ಗೆರೆ ಇರಲಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಅವನು, ಹಿಂದೆ ಬಂಡಿಯ ಮೇಲೆ ಕರೆಯುತ್ತಿದ್ದಂತೆ, "ಬಾ ರಾಜಾ, ಬಾ" ಎಂದ. ಅದು ಬಂತು. ಮೇಲೆ ಹೆಂಚು ಸರಿದು ಬೆಳಕು ಬಿತ್ತು, ನಾಲ್ಕು ಕೈಗಳು ಅನ್ನವ್ವನನ್ನು ಎತ್ತಿಕೊಂಡವು. ಕೆಳಗೆ ಹಾಲಸಿದ್ದನ ಚೀರಾಟವನ್ನು ಊರೆಲ್ಲ ಕೇಳಿತು. ಆಮೇಲೆ ಆ ಪ್ರಾಣಿ ಅವನನ್ನು ಬಿಟ್ಟು, ತೆರೆದ ಬಾಗಿಲಿನಿಂದ ಮಂದಿಯ ನಡುವೆಯೇ ಹಾರಿ, ಭತ್ತದ ಗದ್ದೆ ದಾಟಿ ಗುಡ್ಡ ಸೇರಿತು.

ಗಡಹಿಂಗ್ಲಜದ ದವಾಖಾನೆಯಲ್ಲಿ ಅವನಿಗೆ ಎಚ್ಚರವಾದಾಗ ಎಡಗೈ ಮೊಣಕೈವರೆಗೆ ಮಾತ್ರ ಉಳಿದಿತ್ತು. ಮಂಚದ ಪಕ್ಕದಲ್ಲಿ ಭೀಮಗೊಂಡ ಬಿಕ್ಕುತ್ತಿದ್ದ.

"ಅನ್ನವ್ವಗ ಒಂದು ಗೀರು ಸೈತ ಬಿದ್ದಿಲ್ಲ, ಕಾಕಾ. ನಿಮ್ಮ ಉಪಕಾರ ಏಳು ಜನ್ಮಕ್ಕೂ ತೀರಂಗಿಲ್ಲ. ಆದ್ರ ಹಿಂಗ್ಯಾಕ ಆತು? ಭಾಳ ವರ್ಷ ಆತಲ್ಲ, ಚಿತ್ತಾಕ ನಿಮ್ಮ ಗುರ್ತ ಹತ್ತಿಲ್ಲ ನೋಡ್ರಿ."

ಹಣಮವ್ವ ಸೆರಗು ಬಾಯಿಗೆ ಒತ್ತಿಕೊಂಡು ಗಂಡನನ್ನೇ ನೋಡಿದಳು.

ಹಾಲಸಿದ್ದ ಒಣಗಿದ ತುಟಿಯಲ್ಲೇ ನಕ್ಕ. "ಹತ್ತೇತೋ, ಹತ್ತೇತಿ. ಇಷ್ಟು ವರ್ಷ ಊರಾಗ ಯಾರಿಗೂ ಹತ್ತದ ಈ ಬಂಡಿಯವನ ಗುರ್ತ, ಅದಕ್ಕೊಂದಕ್ಕ ಹತ್ತೇತಿ."